ಹೇಳಿದ ಮಾತು ಕೇಳಿದ ಹೀಟರಿನ ಮೇಲೆ ಒಂದು ದೂರು

ಮೀನಿನ ತೊಟ್ಟಿಯ ಮಾಜಿ ಹೀಟರ್, ಐನೂರು ವ್ಯಾಟ್ ಸಾಹೇಬರಿಗೆ,
ಮುಕ್ಕಾಂ: ನಮ್ಮ ಪಡಸಾಲೆಯ ಅಲಮಾರಿ, ಮೇಲಿನ ಅರೆ, ರಾಯಚೂರು.

ಮಾನ್ಯರೇ,

ಹತ್ತನೆಯ ತರಗತಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದ, ಮೂವತ್ತೈದು ವರ್ಷ ಈ ಮನೆಯನ್ನು ಬರೀ ಕಣ್ಣಿನ ನೋಟದಲ್ಲಿ ನಡೆಸಿದ ಕನಕಮ್ಮ ತಮಗೆ ಮಾಡುವ ಸಾವಿರ ನಮಸ್ಕಾರಗಳು. ತಾವು ರಟ್ಟಿನ ಪೆಟ್ಟಿಗೆಯೊಳಗೆ ಒಣಗಿಕೊಂಡು ಆರಾಮಾಗಿದ್ದೀರೆಂದು ನಂಬಿದ್ದೇನೆ. ಸ್ವಲ್ಪದರಲ್ಲಿ ಉಳಿದುಕೊಂಡ ಎರಡು ಆಸ್ಕರ್ ಮೀನುಗಳೂ ಇಲ್ಲಿ ಆರಾಮಾಗಿವೆ.

ಏಪ್ರಿಲ್ ತಿಂಗಳಲ್ಲಿ ನಲ್ಲಿಯಿಂದಲೇ ಬಿಸಿನೀರು ಬರುವ ಈ ಊರಿನಲ್ಲಿ, ನೀರು ಕಾಯಿಸುವ ಯಂತ್ರವನ್ನು ಮೀನಿಗೆಂದು ಕೊಳ್ಳುವವರನ್ನು ಜನ ತಿರುಗಿ ನೋಡುತ್ತಾರೆ. ಆದರೆ ಜನವರಿಯ ಬೆಳಗಿನ ಚಳಿಗೆ ನಮ್ಮ ಆರಡಿ ತೊಟ್ಟಿಯ ಮೀನುಗಳು ತಳ ಹಿಡಿದವು. ಮಗ ಗೌತಮನಿಗೆ ದೇವದುರ್ಗದಲ್ಲಿ ಕಚೇರಿ, ಸೊಸೆ ವಿಶಾಖಾಳಿಗೆ ಮಾನ್ವಿಯಲ್ಲಿ ಶಾಲೆ. ಇಬ್ಬರೂ ಬೆಳಿಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಹಗಲೆಲ್ಲ ಮೀನುಗಳಿಗೆ ನಾನೇ ದಿಕ್ಕು. ಅದರಲ್ಲೂ ದೊಡ್ಡ ಮೀನು, ನಾನು ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಗಾಜಿನ ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತಿತ್ತು. ಈ ಮನೆಯಲ್ಲಿ ನನ್ನ ಮಾತು ಮುಗಿಯುವವರೆಗೂ ಎದ್ದು ಹೋಗದೆ ಇರುತ್ತಿದ್ದ ಜೀವ ಅದೊಂದೇ ಆದ್ದರಿಂದ, ಅದನ್ನು ಉಳಿಸುವ ಹೀಟರನ್ನು ನಾನೇ ಆರಿಸುತ್ತೇನೆಂದು ಹೊರಟೆ.

ಮೀನಿನ ಅಂಗಡಿಯ ನೌಶೀನ್ ತಿಳಿದವಳು. "ಯವ್ವಾ, ಅಷ್ಟು ಉದ್ದನ್ ತೊಟ್ಟಿಗೆ ಒಂದ ದೊಡ್ಡದು ಬ್ಯಾಡ್ರಿ. ಎರಡು ಸಣ್ಣವು ಒಯ್ರಿ, ಆ ತುದಿಗೊಂದು ಈ ತುದಿಗೊಂದು. ಒಂದು ಕೆಟ್ಟು ನಿಂತ್ರ ಇನ್ನೊಂದು ನೋಡ್ಕೋತದ," ಎಂದಳು.

"ಒಂದು ಮನಿಗಿ ಎಷ್ಟು ಮಂದಿ ಹಿರೇರು ಬೇಕಬೇ?" ಎಂದು ಕೇಳಿ, ಇದ್ದುದರಲ್ಲಿಯೇ ದಪ್ಪಗಿದ್ದ ತಮ್ಮನ್ನು ಎತ್ತಿಕೊಂಡು ಬಂದೆ. ಜೊತೆಗೆ ಕೊಡಬಂದ ಥರ್ಮಾಮೀಟರನ್ನು ಅವಳ ಮೇಜಿನ ಮೇಲೆಯೇ ಇಟ್ಟೆ. ಗುಂಜಹಳ್ಳಿಯಿಂದ ಮಟಮಾರಿಯವರೆಗೆ ನಮ್ಮ ನೆಂಟರಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆದವಳು ನಾನು. ಮೊಣಕೈ ಅದ್ದಿ ನೀರಿನ ಹದ ಹೇಳುವವಳಿಗೆ ಗಾಜಿನ ಕಡ್ಡಿಯೊಂದು ಪಾಠ ಹೇಳುವುದೆ?

ಮರುದಿನ ಬೆಳಿಗ್ಗೆ ಸೆರಗು ಸಿಕ್ಕಿಸಿ ತೊಟ್ಟಿಯಲ್ಲಿ ಮೊಣಕೈ ಅದ್ದಿದೆ. ಕೂಸಿಗೆ ಎರೆಯುವಷ್ಟು ಬಿಸಿ ಇರಲಿಲ್ಲ. ತಮ್ಮ ಗುಂಡಿ ತಿರುವಿದೆ. ಮಧ್ಯಾಹ್ನ ಇನ್ನಷ್ಟು ತಿರುವಿದೆ. ದೊಡ್ಡ ಮೀನು ನೀರಿನ ಮೇಲಕ್ಕೆ ಬಂದು, ನನ್ನ ಕಡೆ ಮುಖ ಮಾಡಿ, ಮೇಲಿಂದ ಮೇಲೆ ಬಾಯಿ ತೆರೆಯತೊಡಗಿತು. ಉಪಕಾರ ನೆನೆಯುತ್ತಿದೆ ಎಂದುಕೊಂಡು ನಾನೂ ತಲೆಯಾಡಿಸಿ ಅದನ್ನು ಒಪ್ಪಿಕೊಂಡೆ. ಸಂಜೆ ವಿಶಾಖಾ ಚಪ್ಪಲಿ ಕೂಡ ಬಿಡದೆ ತೊಟ್ಟಿಯ ಹತ್ತಿರ ಓಡಿದಳು.

"ಅತ್ತೀ, ಅದು ನಿಮಗ ಶರಣು ಮಾಡಾಕತ್ತಿಲ್ರೀ. ಉಸಿರು ಸಿಗದ ಒದ್ದಾಡಾಕತ್ತದ."

ತಮ್ಮ ವೈರು ಕಿತ್ತು, ಬಿಸಿನೀರು ಮೊಗೆದು ಚೆಲ್ಲಿ, ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಇಬ್ಬರೂ ಎರಡು ತಾಸು ಬಕೆಟ್ಟು ಹೊತ್ತೆವು. ಅವಳು ಒಂದು ಸಲವಾದರೂ ಬೈದಿದ್ದರೆ ತಿರುಗಿ ಬೈಯಲು ನನಗೂ ಅನುಕೂಲವಾಗುತ್ತಿತ್ತು.

ಈಗ ನನ್ನ ದೂರು. ತಾವು ಕೆಟ್ಟಿರಲಿಲ್ಲ. ಗುಂಡಿಯನ್ನು ಎಲ್ಲಿಗೆ ತಿರುವಿದೆನೋ ಅಲ್ಲಿಯವರೆಗೆ, ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲದೆ, ನೀರು ಕಾಯಿಸಿದಿರಿ. ನನ್ನ ಮಾತು ಯಾರೂ ಕೇಳುವುದಿಲ್ಲವೆಂದು ಮೂವತ್ತೈದು ವರ್ಷ ಗೋಳಾಡಿದವಳು ನಾನು; ಕಡೆಗೊಮ್ಮೆ ಎದುರಾಡದೆ ಕೇಳುವವರು ಸಿಕ್ಕಿದರು, ಮರುದಿನ ಸಂಜೆಗೇ ಮನೆಯಲ್ಲಿ ಸಾವಾಗುವುದಿತ್ತು. ಇಷ್ಟು ವಿಧೇಯರು ಮಗನಾಗಿಯೋ ಸೊಸೆಯಾಗಿಯೋ ನನಗೆ ಸಿಕ್ಕಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಇಷ್ಟವಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ಬಿನ್ನಹ. ಇನ್ನು ಮುಂದೆ ಯಾವ ಮನೆಗೆ ಹೋದರೂ, ಹಿರಿಯರು ಗುಂಡಿ ಮುಟ್ಟಿದ ಕೂಡಲೇ "ಯಾಕ್ರೀ?" ಎಂದು ಒಂದು ಮಾತು ಕೇಳುವುದನ್ನು ಕಲಿಯಿರಿ. ಎರಡನೆಯದಾಗಿ, ನಾನು ಕುರ್ಚಿ ಎಳೆದರೆ ಈಗ ಕಲ್ಲಿನ ಹಿಂದೆ ಸರಿಯುವ ಆ ದೊಡ್ಡ ಮೀನಿನ ಮುಂದೆ ನಿಂತು, ತಪ್ಪೆಲ್ಲ ತಮ್ಮದೇ ಎಂದು ಒಪ್ಪಿಕೊಳ್ಳಿ. ಅದಕ್ಕೆ ನಾನೇ ಹೇಳಬಹುದಿತ್ತು. ಆದರೆ ತಪ್ಪಾಯಿತು ಎಂದು ಹೇಳಿ ನನಗೆ ರೂಢಿಯಿಲ್ಲ.

ಇಂತಿ, ತನ್ನ ಮೊಣಕೈಗಿಂತ ತಮ್ಮನ್ನೇ ಹೆಚ್ಚು ನಂಬುವ,
ತಮ್ಮ ವಿಶ್ವಾಸಿ
ಕನಕಮ್ಮ

ತಾ.ಕ.: ತಮ್ಮ ಜಾಗಕ್ಕೆ ಸಣ್ಣವರಿಬ್ಬರು ಬಂದಿದ್ದಾರೆ, ಆ ತುದಿಗೊಬ್ಬರು, ಈ ತುದಿಗೊಬ್ಬರು. ಇಬ್ಬರ ಗುಂಡಿಗಳನ್ನೂ ವಿಶಾಖಾ ದಾರ ಸುತ್ತಿ ಬಿಗಿದಿದ್ದಾಳೆ. ಏಕೆಂದು ಕೇಳಿದೆ. "ಮೀನು ತಿರುವಬಾರದಂತ ಕಟ್ಟೀನ್ರೀ ಅತ್ತಿ" ಎಂದಳು. ಮೀನಿಗೆ ಕೈಯಿಲ್ಲವೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. "ಛಲೋ ಮಾಡಿದಿ, ಆ ಮೀನಿಂದು ಹೇಳಾಕ ಬರಂಗಿಲ್ಲ" ಎಂದು ಒಳಗೆ ಹೋದೆ.