ಮಾವನ ಬೆಳ್ಳುಳ್ಳಿ ವೈದ್ಯ

ನಮ್ಮ ಸೋದರಮಾವನ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ಜನ: ಹುಳುಕಡ್ಡಿ ಆದವರು, ಮುಂದೆ ಆಗುವವರು. ಇಬ್ಬರಿಗೂ ಮದ್ದು ಒಂದೇ, ಬೆಳ್ಳುಳ್ಳಿ! ಮೊಳಕಾಲ್ಮೂರಿನ ಬಸ್ಸು ನಮ್ಮ ಚಳ್ಳಕೆರೆಗೆ ಬಂದಾಗ ಅವರಿಗಿಂತ ಮೊದಲು ಅವರ ವಾಸನೆ ಇಳಿಯುತ್ತದೆ ಎಂದರೆ ನಂಬುತ್ತೀರಾ?

ಮಾವ ರೇಷ್ಮೆ ಸೀರೆ ನೇಯುವವರು. ಬೇಸಿಗೆಯಲ್ಲಿ ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆವತ ಸೊಂಟಕ್ಕೆ ಹುಳುಕಡ್ಡಿ ಹತ್ತದೆ ಬಿಟ್ಟೀತೇ? ಒಮ್ಮೆ ಬೆಳ್ಳುಳ್ಳಿ ಜಜ್ಜಿ ಸೊಂಟಕ್ಕೆ ಕಟ್ಟಿಕೊಂಡೇ ಮದುವೆ ಸೀರೆಯೊಂದನ್ನು ನೇಯ್ದು ಮುಗಿಸಿದರು. ಹುಳುಕಡ್ಡಿ ಹೋಯಿತಂತೆ, ನೋಡಿದವರು ಯಾರೂ ಇಲ್ಲ. ಸೀರೆ ಒಯ್ಯಲು ಬಂದ ಸಾಹುಕಾರರು ಮಡಿಕೆ ಬಿಚ್ಚಿದವರೇ ಮೂಗು ಮುಚ್ಚಿಕೊಂಡರು.

“ಏನ್ರೀ, ಸೀರೆಗೆ ಒಗ್ಗರಣೆ ಹಾಕೀರಾ?”

“ಇದನ್ನ ಉಟ್ಟ ಮದುಮಗಳ ಹತ್ರ ಹುಳುಕಡ್ಡಿ ಸುಳಿಯಲ್ಲ, ತಗಂಡೋಗ್ರಿ.”

“ಮದುಮಗ ಸುಳೀಬೇಕಲ್ರೀ!”

ಪಾಪ, ಆ ಸೀರೆ ಎಂಟು ದಿನ ನೆರಳಿನಲ್ಲಿ ಗಾಳಿಗೆ ತೂಗಾಡಿತು.

ಇದನ್ನೆಲ್ಲ ಹೇಳಿಕೊಂಡು ನಾನೂ ನಕ್ಕವಳೇ. ಆದರೆ ಹೋದ ತಿಂಗಳು ನನ್ನ ನಾಲ್ಕು ವರ್ಷದ ಮಗಳ ಕೆನ್ನೆಯ ಮೇಲೆ ಹುಳುಕಡ್ಡಿಯ ಕೆಂಪು ಉಂಗುರವೊಂದು ಕಂಡಾಗ ನಗು ನಿಂತಿತು. ಅಂದು ಶನಿವಾರ. ಚರ್ಮದ ಡಾಕ್ಟರು ಸಿಗುವುದು ಸೋಮವಾರ. ನಮ್ಮವ್ವ ಸುಮ್ಮನಿರಬಾರದೇ? ತಮ್ಮನಿಗೆ ಫೋನ್ ಮಾಡಿಬಿಟ್ಟಳು! ಸಂಜೆಯೊಳಗೆ ಮಾವ ಹಾಜರು, ಕೈಯಲ್ಲಿ ಬೆಳ್ಳುಳ್ಳಿ ಚೀಲ.

“ಒಂದು ಎಸಳು ಜಜ್ಜಿ ಕಟ್ಟಿದ್ರೆ ಮುಗೀತು ಕಣವ್ವ.”

“ಕೂಸಿನ ಕೆನ್ನೆ ಮಾವ ಅದು. ಸುಟ್ಟರೆ ಏನ್ಮಾಡ್ಲಿ?”

“ಬೆಳ್ಳುಳ್ಳಿ ಸುಡುತ್ತಾ? ತಿನ್ನೋ ವಸ್ತು!”

ಚೀಲವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಮಗಳನ್ನು ಕಂಕುಳಿನಿಂದ ಇಳಿಸಲೇ ಇಲ್ಲ. ಮಾವ ಕೆಮ್ಮಿದರೂ ಅವಳ ಕೆನ್ನೆಗೆ ಸೆರಗು ಮುಚ್ಚುತ್ತಿದ್ದೆ. ಹೆಣ್ಣು ಮಗುವಿನ ಮುಖದ ಮೇಲೆ ಸುಟ್ಟ ಕಲೆ ಉಳಿದುಬಿಟ್ಟರೆ? ವಿಚಿತ್ರವೆಂದರೆ ಭಾನುವಾರ ಅವರು ಬೆಳ್ಳುಳ್ಳಿಯ ಮಾತೇ ಎತ್ತಲಿಲ್ಲ. ಎಡಗೈಗೆ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದರು. ಮಾವ ಸುಮ್ಮನಿದ್ದಾರೆಂದರೆ ಇನ್ನೂ ಭಯ!

ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಮಗಳೂ ಇಲ್ಲ, ಮಾವನೂ ಇಲ್ಲ. ಅವರ ಚಾಪೆಯ ಕೆಳಗೆ ಬೆಳ್ಳುಳ್ಳಿ ಸಿಪ್ಪೆ! ಹಾಗಾದರೆ ಜೇಬಿನಲ್ಲೂ ಇಟ್ಟುಕೊಂಡೇ ಬಂದಿದ್ದರೇ?

“ಡಾಕ್ಟ್ರ ಕಡೆ ಹೋಗ್ತೀನಿ ಅಂದ,” ಎಂದಳು ಅವ್ವ. ಮಾವ, ಡಾಕ್ಟರ ಕಡೆ! ಯಾರು ನಂಬುತ್ತಾರೆ? ಆದರೂ ಓಡಿದೆ.

ಆಸ್ಪತ್ರೆಯ ಬಾಗಿಲಲ್ಲಿ ಸಾಲಿನ ಮೊದಲಿಗೇ ಕೂತಿದ್ದರು ಮಾವ. ತೊಡೆಯ ಮೇಲೆ ಮಗಳು ಬಿಸ್ಕತ್ತು ತಿನ್ನುತ್ತಿದ್ದಳು. ಕೆನ್ನೆ ಇದ್ದ ಹಾಗೇ ಇತ್ತು.

“ಆಮೇಲೆ ಜನ ತುಂಬ್ತಾರೆ, ಅದಕ್ಕೇ ಬಂದೆ,” ಎಂದರು, ನನ್ನ ಮುಖ ನೋಡದೆ.

ಡಾಕ್ಟರು ಮಗಳಿಗೆ ಮುಲಾಮು ಬರೆದು, ಕಲೆ ಉಳಿಯುವುದಿಲ್ಲ ಎಂದು ಧೈರ್ಯ ಹೇಳಿದರು. ಆಮೇಲೆ ಮಾವನ ಟವೆಲ್ ಬಿಚ್ಚಿಸಿದರು. ಮಣಿಕಟ್ಟಿನ ಒಳಬದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಬ್ಬೆ!

“ಶನಿವಾರ ಕಟ್ಕಂಡೆ ಸಾರ್. ಕೂಸಿಗೆ ಹಾಕೋಕ್ ಮುಂಚೆ ನಾನು ನೋಡ್ಬೇಕಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. “ಮಗ್ಗದ ಕೈಗೇ ಕಟ್ಕೋಬೇಕಿತ್ತಾ ಮಾವ? ಸೊಂಟ ಇರಲಿಲ್ವಾ?”

“ಸೊಂಟದ್ದು ಎಮ್ಮೆ ಚರ್ಮ ಕಣವ್ವ,” ಎಂದರು ಮಾವ. “ನನ್ನ ಮೈಯಾಗೆ ಕೂಸಿನ ಕೆನ್ನೆಯಂಗೆ ಮೆತ್ತಗಿರೋದು ಇದೊಂದೇ ಜಾಗ.”