ಲಾರಿ ಹತ್ತಿ ಹೋದ ಬೇಬಿ

ನಮ್ಮ ಮಂಡ್ಯ ಸೀಮೆಯಲ್ಲಿ ಒಬ್ಬ ಸುಮ್ಮನೆ ಆಕಾಶ ನೋಡುತ್ತಾ ನಿಂತರೂ ಪಕ್ಕದವನು 'ಏನೋ ಮಸಲತ್ತು ಮಾಡ್ತಾವ್ನೆ' ಅಂದುಕೊಳ್ಳುತ್ತಾನೆ. ಅಂಥ ಜನರ ಮುಂದೆ ಹಾಡಲು ಹೋದವನು ನಾನು. ಆದದ್ದೆಲ್ಲ ಆಗಲೇಬೇಕಿತ್ತು ಬಿಡಿ.

ತೊಂಬತ್ತರ ದಶಕದ ಮಾತು. ಹಗಲು ಪಾಂಡವಪುರದಲ್ಲಿ ಕಬ್ಬಿನ ಲಾರಿ ತೂಕ ಹಾಕುವ ಕೆಲಸ, ಸಂಜೆ ಮದುವೆಯ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ. ಗಿಟಾರು, ಗಂಟಲು ಎರಡೂ ನನ್ನವು. ಡ್ರಮ್ಮು ಶ್ರೀರಂಗಪಟ್ಟಣದ ಭಾಯಿಯದು. ಕೀಬೋರ್ಡಿಗೆ ಇನ್ನೊಬ್ಬ. ಅದೇ ಹೊತ್ತಿಗೆ ನನಗೆ ಕಿಕ್ಕೇರಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಕಾಫಿ ಲೋಟ ಕೊಡುವಾಗ ಅವಳು ಮೆಲ್ಲಗೆ "ಗಿಟಾರು ನುಡಿಸ್ತೀರಂತೆ?" ಅಂದಿದ್ದಳು. ನಾನು ಅಲ್ಲೇ ಬಿದ್ದುಹೋಗಿದ್ದೆ. ತೊಡಕೆಲ್ಲ ಅವಳಪ್ಪನದು. ಡೇರಿಯಲ್ಲಿ ಹಾಲಿಗೆ ಗಾಜಿನ ಕೊಳವೆ ಬಿಟ್ಟು ಬೆರೆಸಿದ ನೀರು ಪತ್ತೆಹಚ್ಚುವುದೇ ಅವರ ಉದ್ಯೋಗ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರು. ನನ್ನ ಬಗ್ಗೆ ಒಂದು ತೊಟ್ಟು ಅನುಮಾನ ಬಂದರೂ ಸಂಬಂಧ ಮುರಿಯುವ ಪೈಕಿ.

ನೀಲಿ ಹಾಡು

ಭಾಯಿ ಒಂದು ದಿನ ಇಂಗ್ಲಿಷ್ ಕ್ಯಾಸೆಟ್ಟು ತಂದ. ಪ್ರವಾಸಿಗಳ ಟ್ಯಾಕ್ಸಿಯಲ್ಲಿ ಬಿದ್ದಿತ್ತು ಅಂದ. ಎತ್ತಿಕೊಂಡು ಬಂದದ್ದೇ ಅಂತ ನನಗೆ ಈಗಲೂ ಗುಮಾನಿ. ಅದರಲ್ಲೊಂದು ಹಳೇ ಹಾಡು. ಗಿಟಾರು ಗೋಳಾಡುತ್ತದೆ, ಹಾಡುವವನು ಹಲ್ಲುನೋವು ಬಂದವನಂತೆ ನರಳುತ್ತಾನೆ. ಎಷ್ಟು ಸಲ ಕೇಳಿದರೂ ನಮಗೆ ತಿಳಿದ ಮಾತು ಒಂದೇ: ಬೇಬಿ. ನಡುವೆ ರೈಲು ಕೂಗುತ್ತಿತ್ತು. ಹೆಂಗಸು ಬಿಟ್ಟುಹೋಗಿರಬೇಕು ಅಂತ ಊಹಿಸಿ ನಾನೇ ಕನ್ನಡದಲ್ಲಿ ಕಟ್ಟಿದೆ. ಡ್ರಮ್ಮಿನ ಜೊತೆಗೆ ತಮಟೆ ಸೇರಿಸಿದೆವು. ನಮ್ಮ ಕೀಬೋರ್ಡಿನಲ್ಲಿ ರೈಲಿನ ಕೂಗು ಬರಲಿಲ್ಲ, ಲಾರಿ ಹಾರನ್ನು ಬಂತು. ಸರಿ, ರೈಲು ಹೋಗಿ ಲಾರಿಯಾಯಿತು.

ಎದೆಯ ಒಡೆದು ಹೋದೆಯಲ್ಲೇ ಬೇಬಿ,
ಲಾರಿ ಹತ್ತಿ ಹೋದೆಯಲ್ಲೇ ಬೇಬಿ,
ಎಲ್ಲಿ ಇಳಿದೆ ಹೇಳೇ ಬೇಬಿ!

ಮೊದಲ ಸಲ ಹಾಡಲು ಶ್ರೀರಂಗಪಟ್ಟಣದ ಛತ್ರಕ್ಕೆ ಹೋದೆವು. ಭಾಯಿ ಗತ್ತಿನಲ್ಲಿ ಛತ್ರದ ಮೇನೇಜರಿಗೆ, "ಇದು ಬ್ಲೂಸ್ ಹಾಡು ಸಾಹೇಬ್ರೇ" ಅಂದುಬಿಟ್ಟ. ಮೇನೇಜರು ಕೆಂಪಾದರು. "ಬ್ಲೂನಾ? ಎಂಗಸ್ರು ಮಕ್ಳು ಕೂತವ್ರೆ, ನಾಚ್ಕೆ ಆಗಕಿಲ್ವಾ ನಿಮ್ಗೆ?" ಅಂತ ಮೈಕಿನ ವೈರನ್ನೇ ಕಿತ್ತರು. ನಾವು ಕಾಲಿಗೆ ಬಿದ್ದು, ಬ್ಲೂಸ್ ಅಂದರೆ ಬ್ಲೂ ಫಿಲ್ಮಲ್ಲ, ಇಂಗ್ಲಿಷಿನವರ ಗೋಳಿನ ಹಾಡು ಅಂತ ಹೇಳಿ, ಅವರ ಕೋಣೆಯಲ್ಲಿ ಮೆಲ್ಲಗೆ ಪೂರ್ತಿ ಹಾಡಿ ತೋರಿಸಿದೆವು. ಬಾಗಿಲು ಹಾಕಿಕೊಂಡು ಕಿವಿಗೊಟ್ಟು ಕೇಳಿದ ಮೇನೇಜರು ಕೊನೆಗೆ, "ಇಷ್ಟೇನಾ?" ಅಂದರು, ಬಹಳ ಬೇಸರದಲ್ಲಿ.

ಒಂದು ಮಗು ಹೆಚ್ಚು

ಮುಂದಿನ ಮದುವೆ ನಾಗಮಂಗಲದಲ್ಲಿ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ಆಗ ಊರೂರಲ್ಲಿ ಓಡಾಡುತ್ತಿತ್ತು. ಊಟದ ಮನೆಯಲ್ಲಿದ್ದ ಒಬ್ಬ ಅಜ್ಜಿಯ ಕಿವಿಗೆ ನನ್ನ ಹಾಡಿನಲ್ಲಿ ಎರಡೇ ಮಾತು ಬಿದ್ದವು: ಬೇಬಿ, ಲಾರಿ. ಮೈಕಿನಲ್ಲಿ ಏನೋ ಸಾರುತ್ತಿದ್ದಾರೆ ಅಂದುಕೊಂಡ ಅಜ್ಜಿ, "ಅಯ್ಯಯ್ಯೋ! ಕೂಸ್ನ ಲಾರೀಲಿ ಆಕ್ಕೊಂಡೋದ್ರಂತೆ ಕನ್ರವ್ವೋ!" ಅಂತ ಬಾಯಿ ಬಡಿದುಕೊಂಡಿತು.

ಎಲೆ ಮುಂದಿನ ಹೆಂಗಸರೆಲ್ಲ ಎಂಜಲು ಕೈಯಲ್ಲೇ ಎದ್ದು ತಂತಮ್ಮ ಮಕ್ಕಳನ್ನು ಹಿಡಿದುಕೊಂಡರು. ನಾವು ಹಾಡು ನಿಲ್ಲಿಸಿ ಗಂಟುಮೂಟೆ ಕಟ್ಟತೊಡಗಿದೆವು. ಎಲ್ಲ ಮಕ್ಕಳೂ ಸಿಕ್ಕಿದವು. ಸಾಲದ್ದಕ್ಕೆ ಒಂದು ಹೆಣ್ಣುಮಗು ಹೆಚ್ಚಾಗಿ ಉಳಿಯಿತು. ಯಾರದು ಅಂದರೆ ಯಾರದೂ ಅಲ್ಲ. ಈಗ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು, ಹೆಣ್ಣಿನ ಕಡೆಯವರು ನಮ್ಮನ್ನು ನೋಡತೊಡಗಿದರು. ಕೊನೆಗೆ ಮಗುವನ್ನೇ ಕೇಳಿದರೆ ಅದು ಬಾಯಿ ಒರೆಸಿಕೊಂಡು ಹೇಳಿತು: "ನಾನು ಪಕ್ಕದ್ ಛತ್ರದ್ ಮದ್ವೆಯೋಳು. ಅಲ್ಲಿ ಬರೀ ಪಾಯ್ಸ. ಇಲ್ಲಿ ಲಾಡೂನೂ ಐತೆ."

ಲೋಡು ಎಲ್ಲಿ ಇಳಿಯಿತು

ನಮ್ಮ ಪಾಂಡವಪುರ ತಾಲೂಕಿನಲ್ಲಿ ಬೇಬಿ ಅಂತಲೇ ಒಂದು ಊರಿದೆ, ಬೇಬಿ ಬೆಟ್ಟ ಇದೆ. ಹುಟ್ಟಿದಾಗಿನಿಂದ ಕೇಳಿದ ಹೆಸರು. ಹಾಡು ಕಟ್ಟುವಾಗ ಮಾತ್ರ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಹೊಳೆಸಿದವರು ಚಿನಕುರಳಿಯ ಒಂದು ಗೃಹಪ್ರವೇಶಕ್ಕೆ ಬಂದಿದ್ದ, ಆ ಬೆಟ್ಟದ ಕಲ್ಲು ಒಡೆಸಿ ಲಾರಿಗೆ ತುಂಬಿಸುವ ಕಂಟ್ರಾಕ್ಟರು.

'ಎದೆಯ ಒಡೆದು' ಅಂದಾಗ ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. 'ಲಾರಿ ಹತ್ತಿ' ಅಂದಾಗ ಎದ್ದು ನಿಂತರು. ಹಾಡು ಮುಗಿಯುವುದಕ್ಕೇ ಬಿಡದೆ ಬಂದು ನನ್ನ ಗಿಟಾರಿನ ಕತ್ತು ಹಿಡಿದರು.

"ಯಾರ್ಲಾ ನಿಂಗಿದ್ನ ಬರ್ಕೊಟ್ಟೋನು?"

"ಇದು ಇಂಗ್ಲಿಷ್ ಹಾಡು ಅಣ್ಣಾ."

"ಇಂಗ್ಲಿಷ್ನೋರ್ಗೆ ಯಾಕ್ಲಾ ನಮ್ ಬೆಟ್ಟದ್ ಉಸಾಬ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಪಾಪ, ಇವರು ಕದ್ದೇ ಇಲ್ಲದೆ ಹೆಗಲು ಮುಟ್ಟಿಕೊಂಡವರು. ಪರ್ಮಿಟ್ಟು ಎಲ್ಲ ಸರಿಯಾಗಿತ್ತಂತೆ. ಹಿಂದಿದ್ದ ಭಾಯಿಗೆ ಇದೊಂದೂ ತಿಳಿಯದು. ತಮಟೆ ಬಿಡದೆ ಬಾರಿಸುತ್ತಾ, "ಎಲ್ಲಿ ಇಳಿದೆ ಹೇಳೇ ಬೇಬಿ!" ಅಂತ ತಾನೇ ಎತ್ತಿಕೊಂಡ. ಕಂಟ್ರಾಕ್ಟರು ಅವನತ್ತ ತಿರುಗಿ ಗುಡುಗಿದರು: "ಮದ್ದೂರಲ್ಲಿ ಇಳ್ದದೆ ಕಣ್ಲಾ! ಓಗಿ ಕೇಳ್ಕೊಂಡ್ ಬಾ ಓಗು!"

ಮಾವನವರ ಪರೀಕ್ಷೆ

ಸುದ್ದಿ ಕಿಕ್ಕೇರಿ ಡೇರಿಗೂ ಮುಟ್ಟಿತು: ನಿಮ್ಮ ಅಳಿಯ ಆಗೋನು ಊರೂರಲ್ಲಿ ಬೇಬಿ, ಬೇಬಿ ಅಂತ ಅಳ್ತಾವ್ನೆ. ಮಾವನಾಗಬೇಕಾದವರು ನೆಟ್ಟಗೆ ತೂಕದ ಮನೆಗೆ ಬಂದರು. ಹುಡುಗಿ ಕೈತಪ್ಪಿದರೆ ಆ ಹಾಡು ನಿಜವಾಗುತ್ತಿತ್ತು, ಅಷ್ಟೇ.

"ಯಾರಪ್ಪ ಅವ್ಳು ಬೇಬಿ?"

"ಅದೊಂದು ಊರಿನ ಹೆಸರು ಮಾವ" ಅಂದೆ, ಕಂಟ್ರಾಕ್ಟರನ್ನು ನೆನೆದು.

"ಅಲ್ಲೀಗೂ ಓಗ್ಬಂದೆ. ಬೇಬಿ ಎಲ್ಲಪ್ಪ ಅಂದ್ರೆ ಇದೇ ಅಂದ್ರು. ಊರು ಅಲ್ಲೇ ಅದೆ. ಲಾರಿ ಅತ್ತಿ ಓದೋಳ್ ಯಾರು ಅಂತೇಳು."

"ಇಂಗ್ಲಿಷಿನೋರು ಎಲ್ಲಾ ಹೆಂಗಸರನ್ನೂ ಬೇಬಿ ಅಂತಲೇ ಕರೀತಾರೆ ಮಾವ."

ಅವರು ನನ್ನನ್ನು ನೀರು ಬೆರೆಸಿದ ಹಾಲು ನೋಡುವಂತೆ ನೋಡಿದರು. "ಭಾರಿ ಬುದ್ವಂತ್ರು ಕನಪ್ಪ. ಎಲ್ಲಾರ್ಗೂ ಒಂದೇ ಎಸ್ರು ಮಡಗ್ಬುಟ್ರೆ ನಿದ್ದೇಲಿ ಕನವರಿಸ್ಕಂಡ್ರೂ ಸಿಕ್ಕಾಕೊಳ್ಳಾಕಿಲ್ಲ!"

ನಾನು ಆಣೆ ಇಟ್ಟೆ, ಹಾಡೇ ಬಿಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಬಿಟ್ಟರೆ ಅನುಮಾನ ಹಾಗೇ ಉಳಿಯುತ್ತದಂತೆ. ಯೋಚಿಸಿ ತೀರ್ಪು ಕೊಟ್ಟರು: "ಮದ್ವೆ ಇಂದಿನ್ ದಿನ ಸಂಜೆ, ನಮ್ ನೆಂಟ್ರೆಲ್ಲಾರ ಎದ್ರೂವೆ ಇದೇ ಆಡು ಆಡ್ಬೇಕು. ಆದ್ರೆ ಬೇಬಿ ಇರೋ ಕಡೆ ನನ್ ಮಗಳ್ ಎಸ್ರು ಬರ್ಬೇಕು. ಆಗ ನಿನ್ ಮನ್ಸಲ್ಲಿ ಯಾರವ್ರೆ ಅಂತ ಊರ್ಗೇ ಗೊತ್ತಾಯ್ತದೆ."

ಹುಡುಗಿಯ ಹೆಸರು ಸುಮ. ಎರಡೇ ಅಕ್ಷರ, ತಾಳಕ್ಕೆ ಸರಿಯಾಗಿ ಕೂತಿತು.

ಆರತಕ್ಷತೆ

ಕೆ.ಆರ್. ಪೇಟೆಯ ಛತ್ರ ತುಂಬಿತ್ತು. ತಾಳಿ ಕಟ್ಟುವುದು ಮಾರನೆಯ ಬೆಳಿಗ್ಗೆ. ನಾನು ಪೇಟ ಸುತ್ತಿಕೊಂಡೇ ಗಿಟಾರು ಹಿಡಿದೆ. ಪಕ್ಕದಲ್ಲಿ ಸುಮ ತಲೆ ತಗ್ಗಿಸಿ ಕೂತಿದ್ದಳು. ಮಾವನವರು ಮುಂದಿನ ಸಾಲಿನಲ್ಲಿ ತೋಳು ಕಟ್ಟಿ ಕೂತಿದ್ದರು. ಕೀಬೋರ್ಡಿನವನು ಲಾರಿ ಹಾರನ್ನು ಒತ್ತಿದ.

"ಎದೆಯ ಒಡೆದು ಹೋದೆಯಲ್ಲೇ ಸುಮಾ, ಲಾರಿ ಹತ್ತಿ ಹೋದೆಯಲ್ಲೇ ಸುಮಾ..."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಯಾವಾಗ ಓಗಿದ್ಲಂತೆ?" ಅಂತ ಪಿಸುಗುಟ್ಟಿದಳು. "ಅದ್ಕೇಯ ಇಷ್ಟ್ ಬಿರ್‍ರನೆ ಮದ್ವೆ ಮಾಡ್ತಾವ್ರೆ" ಅಂತ ಇನ್ನೊಬ್ಬಳು ಗಲ್ಲಕ್ಕೆ ಬೆರಳಿಟ್ಟಳು. ನಮ್ಮ ಸೋದರಮಾವ ಎದ್ದು ನಿಂತು, "ಡ್ರೈವರ್ ಯಾವೂರೋನು?" ಅಂತ ನೇರವಾಗಿ ಕೇಳಿಯೇಬಿಟ್ಟರು. ಸುಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದಳು. ಜನ ಅದನ್ನೂ ಅಳು ಅಂದುಕೊಂಡರು.

ನಾನು ನಿಲ್ಲಿಸಲೂ ಆಗದೆ, ಮುಂದುವರಿಸಲೂ ಆಗದೆ, "ಎಲ್ಲಿ ಇಳಿದೆ ಹೇಳೇ..." ಅಂತ ಎಳೆಯುತ್ತಾ ಉಳಿದೆ. ಅಷ್ಟರಲ್ಲಿ ಮಾವನವರು ಪಂಚೆ ಎತ್ತಿಕಟ್ಟಿ, ಕುರ್ಚಿಗಳನ್ನು ದಾಟಿ ವೇದಿಕೆಗೆ ಹಾರಿ, ನನ್ನ ಕೈಯ ಮೈಕಿಗೇ ಬಾಯಿ ಹಾಕಿ ಇಡೀ ಪೇಟೆಗೆ ಕೇಳುವಂತೆ ಕೂಗಿದರು:

"ಬೇಬಿ ಅನ್ಲಾ! ನಿನ್ ದಮ್ಮಯ್ಯ ಅಂತೀನಿ, ಬೇಬಿ ಅನ್ಲಾ!"