ನೆರಳು ಯಂತ್ರದ ಕಣ್ಣಿಗೆ ಬಿಸಿಲು ತಗುಲದಂತೆ ನೋಡಿಕೊಳ್ಳುವ ಕುರಿತು

ಸಂಖ್ಯೆ: ಅಂಗಳ/ನೆರಳು/೪೧ ಕುಂಡ/೭
(ಹಿಂದಿನ ಆರು ಸುತ್ತೋಲೆಗಳು ಒಣಗಿದ ಎಲೆಗಳ ಜೊತೆ ಗುಡಿಸಿಹೋಗಿವೆ.)

ವಿಷಯ: ಕಚೇರಿ ಅಂಗಳದ ನಲವತ್ತೊಂದು ಕುಂಡಗಳಿಗೆ ಸ್ವಯಂಚಾಲಿತ ನೆರಳು ಒದಗಿಸುವುದು ಹಾಗೂ ಮಾಲಿಯ ಹುದ್ದೆಯನ್ನು ರದ್ದುಪಡಿಸುವುದು.

ಉಲ್ಲೇಖ: ೧. ಮಾಲಿಯ ಹೇಳಿಕೆ, ನಿಂತುಕೊಂಡೇ ನೀಡಿದ್ದು.
೨. ಉಪನಿರ್ದೇಶಕರ ಮೌಖಿಕ ಆದೇಶ, ಮೆಟ್ಟಿಲಿಳಿಯುವಾಗ ನೀಡಿದ್ದು.

ಪ್ರಸ್ತಾವನೆ:

ಅಂಗಳದ ಗಿಡಗಳು ಅತಿಯಾದ ಬಿಸಿಲಿಗೆ ಬಾಡುತ್ತಿರುವುದನ್ನು ಉಪನಿರ್ದೇಶಕರು ಕಾರಿನ ಕಿಟಕಿಯಿಂದ ಖುದ್ದು ಪರಿಶೀಲಿಸಿದ ಮೇರೆಗೆ, ಎಂಜಿನಿಯರ್ ಅವರಿಂದ ನೆರಳು ಯಂತ್ರವೊಂದನ್ನು ತಯಾರಿಸಲಾಗಿರುತ್ತದೆ. ಬಿಸಿಲೇರಿದೊಡನೆ ಯಂತ್ರದ ಕಣ್ಣು, ಅಂದರೆ ಸೆನ್ಸರ್, ಅದನ್ನು ಗುರುತಿಸತಕ್ಕದ್ದು, ಮೋಟಾರು ತಿರುಗತಕ್ಕದ್ದು, ಹಸಿರು ಬಟ್ಟೆ ತಾನಾಗಿಯೇ ಕುಂಡಗಳ ಮೇಲೆ ಹರಡಿಕೊಳ್ಳತಕ್ಕದ್ದು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸವನ್ನು ತನ್ನ ಮನೆಯ ಹಳೆಯ ಬೆಡ್‌ಶೀಟುಗಳಿಂದ ಮಾಡುತ್ತಿದ್ದ, ಎಲ್ಲರೂ ಗಿಡದಮ್ಮ ಎಂದು ಕರೆಯುವ ಮಾಲಿಯ ಅಗತ್ಯ ಇನ್ನಿಲ್ಲವೆಂದು ತೀರ್ಮಾನಿಸಿ, ತಿಂಗಳ ಕೊನೆಗೆ ಮನೆಗೆ ಕಳಿಸಲು ಉದ್ದೇಶಿಸಲಾಗಿತ್ತು. ಈ ಸಂಬಂಧ ಕೆಳಕಂಡಂತೆ ಆದೇಶಿಸಲಾಗಿದೆ.

೧. ಇಲಾಖಾ ನಿಯಮದಂತೆ ಯಂತ್ರದ ಯಾವುದೇ ಭಾಗವನ್ನು ಬಿಸಿಲಿಗೆ ಒಡ್ಡುವಂತಿಲ್ಲ. ಸೆನ್ಸರ್ ಯಂತ್ರದ ಭಾಗವಾಗಿರುತ್ತದೆ. ಆದ ಕಾರಣ ಅದನ್ನು ಉಪನಿರ್ದೇಶಕರ ಕೊಠಡಿಯಲ್ಲಿ, ಫ್ಯಾನಿನ ಕೆಳಗೆ, ಪರದೆಯ ಹಿಂದೆ ಅಳವಡಿಸಲಾಗಿದೆ. ಅಲ್ಲಿಂದ ಅದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದು, ಈವರೆಗೆ ಬಿಸಿಲು ಬಂದಿಲ್ಲವೆಂದು ವರದಿ ಮಾಡಿರುತ್ತದೆ.

೨. ಸದರಿ ವರದಿಯ ಪ್ರಕಾರ ಕಳೆದ ಎರಡು ತಿಂಗಳು ಊರಿನಲ್ಲಿ ಬಿಸಿಲೇ ಇರಲಿಲ್ಲವಾದ್ದರಿಂದ, ಸಿಬ್ಬಂದಿಯು ಬೆವರುವುದನ್ನು, ಕಡತದಿಂದ ಗಾಳಿ ಬೀಸಿಕೊಳ್ಳುವುದನ್ನು ಹಾಗೂ "ಉಸ್ಸಪ್ಪಾ" ಎನ್ನುವುದನ್ನು ಕೂಡಲೇ ನಿಲ್ಲಿಸಲು ಈ ಮೂಲಕ ಸೂಚಿಸಲಾಗಿದೆ.

೩. ಆದಾಗ್ಯೂ ಬಟ್ಟೆಯು ಪ್ರತಿದಿನ ಹನ್ನೊಂದಕ್ಕೆ ಸರಿಯಾಗಿ ಹರಡಿ, ಬಿಸಿಲು ಸರಿದಂತೆ ತಾನೂ ಸರಿದು, ನಾಲ್ಕಕ್ಕೆ ಮಡಿಚಿಕೊಳ್ಳುತ್ತಿತ್ತು. ಇದು ಯಂತ್ರದ ಯಶಸ್ಸೆಂದು ಭಾವಿಸಿ ಎಂಜಿನಿಯರಿಗೆ ಪ್ರಶಂಸಾಪತ್ರ ನೀಡಿ ಫೋಟೊ ತೆಗೆಯಲಾಯಿತು. ಫೋಟೊದ ಅಂಚಿನಲ್ಲಿ ಬಟ್ಟೆ ಎಳೆಯುತ್ತಿರುವ ಎರಡು ಕೈಗಳು ಕಂಡುಬಂದಿದ್ದು, ಅವುಗಳನ್ನು (ಫೋಟೊದಿಂದ ಮಾತ್ರ) ಕತ್ತರಿಸಿ ತೆಗೆಯಲಾಗಿದೆ.

೪. ಕಳೆದ ವಾರ ಮಗಳ ಹೆರಿಗೆಗೆಂದು ಗಿಡದಮ್ಮ ಮೂರು ದಿನ ರಜೆ ಹೋದಾಗ ಹದಿನೇಳು ಕುಂಡಗಳ ಗಿಡಗಳು ಸುಟ್ಟುಹೋದವು. ಸೂರ್ಯನ ಕೋನ ಸರಿಯಿಲ್ಲವೆಂದು ಎಂಜಿನಿಯರು ತಿಳಿಸಿರುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕಡತದಲ್ಲಿ ಇರಿಸಲಾಗಿದೆ. ಬಿಸಿಲಿಲ್ಲದ ಊರಿನಲ್ಲಿ ಸುಟ್ಟುಹೋದದ್ದಕ್ಕಾಗಿ ಗಿಡಗಳಿಗೆ ನೋಟಿಸು ಅಂಟಿಸಲಾಯಿತು. ಒಂದು ಗುಲಾಬಿ ಗಿಡವು ನೋಟಿಸಿನ ನೆರಳಿನಲ್ಲಿ ಚೇತರಿಸಿಕೊಂಡಿದೆ.

೫. ವಿಚಾರಣೆಯಲ್ಲಿ ಗಿಡದಮ್ಮ ನೀಡಿದ ಹೇಳಿಕೆ, ಇದ್ದದ್ದು ಇದ್ದಂತೆ: "ಮೋಟಾರು ಒಂದಿನಾನೂ ತಿರುಗ್ಲಿಲ್ಲ ಸ್ವಾಮಿ. ನಾನೇ ಎಳೀತಿದ್ದೆ. ಕೆಲಸ ಹೋಗುತ್ತೆ ಅಂತ ಗೊತ್ತಿತ್ತು. ಹಾಗಂತ ಸಾಕಿದ ಕೈಯಲ್ಲೇ ಬಿಸಿಲಿಗೆ ಬಿಟ್ಟು ನೋಡ್ತಾ ಕೂರಕ್ಕಾಗುತ್ತಾ? ಆ ಕಣ್ಣನ್ನ ಒಂಚೂರು ಹೊರಗಡೆ ಇಡಿ, ಆಮೇಲೆ ನನ್ನ ಪಾಡಿಗೆ ನಾನು ಹೋಗ್ತೀನಿ." ಇದನ್ನು ಬರೆದುಕೊಂಡ ಗುಮಾಸ್ತರು ಎರಡು ಸಲ ಕನ್ನಡಕ ಒರೆಸಿಕೊಂಡಿದ್ದು, ಅದಕ್ಕೆ ಕಡತದ ಧೂಳು ಕಾರಣವೆಂದು ನಮೂದಿಸಲಾಗಿದೆ.

೬. ಇದನ್ನು ಕೇಳಿದ ಉಪನಿರ್ದೇಶಕರು ಮೆಟ್ಟಿಲಿಳಿಯುತ್ತ, "ಹೊರಗಿಟ್ಟು ಕೆಟ್ಟೋದ್ರೆ ಯಾರ್ರೀ ಹೊಣೆ? ಆ ಯಮ್ಮನ್ನೂ ಯಂತ್ರದ ಪಾರ್ಟು ಅಂತ ಬರ್ಕೊಳ್ರಿ, ಮುಗೀತು" ಎಂದು ಅಪ್ಪಣೆ ಕೊಡಿಸಿರುತ್ತಾರೆ. ಅದರಂತೆ ಆಕೆಯನ್ನು ಸಿಬ್ಬಂದಿ ಪಟ್ಟಿಯಿಂದ ತೆಗೆದು ಬಿಡಿಭಾಗಗಳ ಪಟ್ಟಿಗೆ ಸೇರಿಸಲಾಗಿದೆ:

ಸೆನ್ಸರ್ – ೧, ಕಾಣುವುದಿಲ್ಲ.
ಮೋಟಾರು – ೧, ತಿರುಗುವುದಿಲ್ಲ.
ಕೈ – ೨, ಸುಸ್ಥಿತಿಯಲ್ಲಿವೆ.

ಹುದ್ದೆಯನ್ನು ರದ್ದುಪಡಿಸಬಹುದು, ಬಿಡಿಭಾಗವನ್ನು ರದ್ದುಪಡಿಸಲು ನಿಯಮವಿಲ್ಲ. ಆದ್ದರಿಂದ ಆಕೆ ಮುಂದುವರಿಯತಕ್ಕದ್ದು; ಆಕೆಯ ಸಂಬಳಕ್ಕೆ ಇನ್ನು ಕೀಲೆಣ್ಣೆ ಎನ್ನತಕ್ಕದ್ದು.

೭. ಕಡತಗಳನ್ನು ಪರಿಶೀಲಿಸಲಾಗಿ, ಗಿಡಗಳ ನೆರಳಿನ ಬಗ್ಗೆ ಏಳು ಕಡತಗಳಿದ್ದು, ಹತ್ತೊಂಬತ್ತು ವರ್ಷ ನಡುಬಿಸಿಲಿನಲ್ಲಿ ನಿಂತ ಮಾಲಿಯ ನೆರಳಿನ ಬಗ್ಗೆ ಒಂದು ಚೀಟಿಯೂ ಇಲ್ಲದಿರುವುದು ಕಂಡುಬಂದಿರುತ್ತದೆ. ಇದು ನಾಚಿಕೆಗೇಡು ಎಂದು ನಮೂದಿಸಲು ಪ್ರತ್ಯೇಕ ಕಾಲಂ ಇಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ. ಈಗ ಆಕೆಯೂ ಯಂತ್ರದ ಭಾಗವಾದ್ದರಿಂದ ಆಕೆಯನ್ನೂ ಬಿಸಿಲಿಗೆ ಒಡ್ಡುವಂತಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಆಕೆಯನ್ನು ಉಪನಿರ್ದೇಶಕರ ಕೊಠಡಿಯಲ್ಲಿ, ಫ್ಯಾನಿನ ಕೆಳಗೆ, ಕುರ್ಚಿಯ ಮೇಲೆ ಇರಿಸತಕ್ಕದ್ದು. ಕೊಠಡಿಯಲ್ಲಿರುವುದು ಒಂದೇ ಕುರ್ಚಿ ಎಂಬುದನ್ನು ಗಮನಿಸಲಾಗಿದೆ.

೮. ಆ ಅವಧಿಯಲ್ಲಿ ಅಧಿಕಾರಿಗಳು ಸರದಿಯಂತೆ ಅಂಗಳದಲ್ಲಿ ನಿಂತು ಬಟ್ಟೆ ಎಳೆಯತಕ್ಕದ್ದು. ಅವರು ಯಂತ್ರದ ಭಾಗವಲ್ಲವಾದ್ದರಿಂದ ಬಿಸಿಲಿಗೆ ಒಡ್ಡಲು ನಿಯಮದ ಅಡ್ಡಿಯಿಲ್ಲ. ಹೇಗೂ ವರದಿಯ ಪ್ರಕಾರ ಬಿಸಿಲೂ ಇಲ್ಲ. ಕಿಟಕಿಯಿಂದ ಗಿಡದಮ್ಮ ಬೈದಲ್ಲಿ ಅದನ್ನು ತಾಂತ್ರಿಕ ಮಾರ್ಗದರ್ಶನವೆಂದು ಸ್ವೀಕರಿಸತಕ್ಕದ್ದು.

(ಸಹಿ, ಓದದೆ ಹಾಕಿದ್ದು)
ಉಪನಿರ್ದೇಶಕರು

ಕರಡು: ಗುಮಾಸ್ತರು, ನಾಲ್ಕು ಸಲ ಓದಿ ಬರೆದದ್ದು

ಪ್ರತಿಗಳು:
೧. ಉಪನಿರ್ದೇಶಕರಿಗೆ: ಸೋಮವಾರದ ಸರದಿ, ಟೋಪಿ ತಾವೇ ತರತಕ್ಕದ್ದು.
೨. ಎಂಜಿನಿಯರಿಗೆ: ಮಂಗಳವಾರದಿಂದ ಶನಿವಾರದವರೆಗೆ.
೩. ಸುಟ್ಟ ಹದಿನಾರು ಕುಂಡಗಳಿಗೆ: ವಿಷಾದದೊಂದಿಗೆ.
೪. ಸೂಚನಾ ಫಲಕಕ್ಕೆ: ಗುಲಾಬಿಗೆ ನೆರಳು ಬೀಳುವಂತೆ ತೂಗುಹಾಕಲು.
೫. ಗಿಡದಮ್ಮನಿಗೆ: ಓದಿ ಹೇಳತಕ್ಕದ್ದು, ಆಕೆ ಕುಳಿತ ಮೇಲೆ.